ಮೀನಿನ ತೂಕ ಬೇರೆ, ದಾರದ ಪೌಂಡು ಬೇರೆ: ಕಾವೇರಿಯ ಗಾಳದ ಕಥೆ

ಬೆಂಗಳೂರಿನ ಬನಶಂಕರಿ, ಜೆ.ಪಿ. ನಗರ ದಾಟಿ ಕನಕಪುರ ರಸ್ತೆ ಹಿಡಿದು ಹೋದರೆ ಸುಮಾರು 90 ಕಿಲೋಮೀಟರಿಗೆ ಸಂಗಮ ಸಿಗುತ್ತದೆ. ಅರ್ಕಾವತಿ ಬಂದು ಕಾವೇರಿಯನ್ನು ಸೇರುವ ಜಾಗ ಅದು. ಬೆಂಗಳೂರಿನ ಗಾಳದ ಹವ್ಯಾಸಿಗಳು ದಶಕಗಳ ಕಾಲ ಕೋಲು, ರೀಲು ಕಟ್ಟಿಕೊಂಡು ಈ ದಾರಿಯಲ್ಲಿ ಹೋದರು. ಅವರು ಹುಡುಕುತ್ತಿದ್ದದ್ದು ಮಹಶೀರ್. ನಮ್ಮ ಜನ ಅದನ್ನು ಬಿಳಿಮೀನು ಅಂತಲೂ ಕರೆಯುತ್ತಾರೆ. ಹೊರಡುವ ಮುಂಚೆ ಎಲ್ಲರನ್ನೂ ಕಾಡುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಪೌಂಡಿನ ದಾರ ಹಾಕಬೇಕು?

ಗಾಳದ ದಾರದ ಉರುಳೆ ಮೇಲೆ 20 ಎಲ್‌ಬಿ, 40 ಎಲ್‌ಬಿ ಅಂತ ಅಚ್ಚು ಹಾಕಿರುತ್ತಾರೆ. ಎಲ್‌ಬಿ ಅಂದರೆ ಪೌಂಡ್. ಒಂದು ಪೌಂಡಿಗೆ ಸುಮಾರು 450 ಗ್ರಾಂ. 40 ಪೌಂಡಿನ ದಾರಕ್ಕೆ 18 ಕಿಲೋ ಮೀನು ಮಾತ್ರ ಸಿಗುತ್ತದೆ ಅಂತ ನಮ್ಮಲ್ಲಿ ಹಲವರು ತಿಳಿದಿದ್ದೆವು. ಅದು ತಪ್ಪು. ಆ ಅಂಕಿ ಹೇಳುವುದು ದಾರ ಎಷ್ಟು ಎಳೆತಕ್ಕೆ ತುಂಡಾಗುತ್ತದೆ ಅನ್ನುವುದನ್ನು.

ಓಡುವ ಹೋರಿಯ ಹಗ್ಗವನ್ನು ಕಂಬಕ್ಕೆ ಬಿಗಿದರೆ ಹಗ್ಗ ಕಿತ್ತುಹೋಗುತ್ತದೆ. ಅದೇ ಹಗ್ಗವನ್ನು ಕೈಯಲ್ಲಿ ಹಿಡಿದು, ಸ್ವಲ್ಪ ಸ್ವಲ್ಪ ಬಿಡುತ್ತಾ ಹಿಂದೆ ನಡೆದರೆ ಹೋರಿ ದಣಿದು ನಿಲ್ಲುತ್ತದೆ. ರೀಲಿನ ಕೆಲಸವೂ ಇಷ್ಟೇ. ಅದರೊಳಗಿನ ಬ್ರೇಕಿಗೆ ಡ್ರ್ಯಾಗ್ ಅನ್ನುತ್ತಾರೆ. ಅದನ್ನು ಸಾಮಾನ್ಯವಾಗಿ ದಾರದ ಶಕ್ತಿಯ ಮೂರನೇ ಒಂದು ಭಾಗಕ್ಕೆ ಬಿಗಿಯುತ್ತಾರೆ. 40 ಪೌಂಡಿನ ದಾರವಾದರೆ ಸುಮಾರು 6 ಕಿಲೋ. ಮೀನು ಅದಕ್ಕಿಂತ ಜೋರಾಗಿ ಎಳೆದರೆ ರೀಲು ತಾನೇ ದಾರ ಬಿಡುತ್ತದೆ. ಬಿದಿರು ಕೋಲಿನ ತುದಿಗೆ ದಾರ ಕಟ್ಟುವ ನಮ್ಮೂರ ಗಾಳಕ್ಕೆ ಈ ಅನುಕೂಲವಿಲ್ಲ. ಅಲ್ಲಿ ಪ್ರತಿ ಜಗ್ಗನ್ನೂ ಕೋಲು, ದಾರಗಳೇ ತಡೆಯಬೇಕು.

ಈ ಕಥೆಯ ಹಳೆಯ ಪುಟ ಕರಾವಳಿಯಲ್ಲಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ ಪ್ರಕಟಿಸಿದರು. ಇಲ್ಲಿನ ನದಿಗಳಲ್ಲಿ ಮಹಶೀರ್ ಹಿಡಿಯುವ ಬಗೆಯನ್ನು ಬಿಳಿಯರಿಗೆ ಹೇಳಿಕೊಟ್ಟ ಪುಸ್ತಕ ಅದು. ಆಗ ನೈಲಾನ್ ಇರಲಿಲ್ಲ. ಹೆಣೆದ ರೇಷ್ಮೆ ಅಥವಾ ಅಗಸೆ ನಾರಿನ ದಾರ, ಅದರ ತುದಿಗೆ ‘ಗಟ್’ ಎಂಬ ಎಳೆ. ಗಟ್ ಬರುತ್ತಿದ್ದದ್ದು ರೇಷ್ಮೆ ಹುಳುವಿನಿಂದ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಬದಲು ವಿನಿಗರ್‌ನಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಉದ್ದಕ್ಕೆ ಎಳೆದು ಒಣಗಿಸುತ್ತಿದ್ದರು. ಇಂಥ ದಾರವನ್ನು ಬಳಸಿದ ಮೇಲೆ ಬಿಚ್ಚಿ ಒಣಗಿಸಲೇಬೇಕಿತ್ತು. ಇಲ್ಲದಿದ್ದರೆ ಕೊಳೆತು, ದೊಡ್ಡ ಮೀನು ಸಿಕ್ಕ ದಿನವೇ ಕೈಕೊಡುತ್ತಿತ್ತು.

ಹಿಡಿಕೆ ಒಂದು ಸುತ್ತು ತಿರುಗಿದರೆ ಉರುಳೆ ಹಲವು ಸುತ್ತು ತಿರುಗುವ ರೀಲು ಅಮೆರಿಕದಲ್ಲಿ ಬೆಳೆದದ್ದು 19ನೇ ಶತಮಾನದಲ್ಲಿ. ಅದನ್ನು ಮಾಡಿದವರಲ್ಲಿ ಮೊದಲಿಗ ಕೆಂಟಕಿಯ ಜಾರ್ಜ್ ಸ್ನೈಡರ್, ಗಡಿಯಾರ ಮಾಡುವವನು. ಮುಂದೆ 1950ರ ದಶಕದಲ್ಲಿ ‘ಅಂಬಾಸಡರ್’ ರೀಲು ತಂದ ಸ್ವೀಡನ್ನಿನ ಆಬು ಕಂಪನಿಯೂ ಗಡಿಯಾರದ ಕೆಲಸದಿಂದಲೇ ಬಂದದ್ದು. ಇದನ್ನು ಬೇಟ್‌ಕಾಸ್ಟಿಂಗ್ ರೀಲು ಅನ್ನುತ್ತಾರೆ. ಗಾಳ ಎಸೆದಾಗ ಇದರ ಉರುಳೆಯೇ ಗಿರಗಿರ ತಿರುಗುತ್ತದೆ. ಹೆಬ್ಬೆರಳಿನಿಂದ ತಡೆಯದಿದ್ದರೆ ದಾರ ಹಕ್ಕಿಗೂಡಿನ ಹಾಗೆ ಸಿಕ್ಕುಬೀಳುತ್ತದೆ. ತೀರಾ ತೆಳು ದಾರ ಹಾಕಿದರೆ ಕೆಳಗಿನ ಸುತ್ತುಗಳ ನಡುವೆ ಹೂತುಹೋಗುತ್ತದೆ. ತೀರಾ ದಪ್ಪ ಹಾಕಿದರೆ ದೂರ ಹೋಗುವುದಿಲ್ಲ, ಉರುಳೆಯಲ್ಲಿ ಹೆಚ್ಚು ಉದ್ದವೂ ಹಿಡಿಸುವುದಿಲ್ಲ.

1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ನೈಲಾನ್ ಹೊರತಂದಿತು. ಯುದ್ಧ ಮುಗಿದ ಮೇಲೆ ರೇಷ್ಮೆ ಮತ್ತು ಗಟ್ ಮೆಲ್ಲನೆ ಮೂಲೆಗೆ ಸರಿದವು. ನೈಲಾನ್ ಕೊಳೆಯುವುದಿಲ್ಲ, ಜಗ್ಗಿದಾಗ ಸ್ವಲ್ಪ ಹಿಗ್ಗಿ ಪೆಟ್ಟು ತಡೆದುಕೊಳ್ಳುತ್ತದೆ. 1946ರಲ್ಲಿ, ಆ ಬದಲಾವಣೆಯ ಹೊಸ್ತಿಲಲ್ಲಿ, ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ 54 ಕಿಲೋ. ಇಂದಿಗೂ ಅದೇ ದಾಖಲೆ ಅನ್ನುತ್ತಾರೆ.

ಆಮೇಲೆ ಇಷ್ಟು ದೊಡ್ಡ ಮೀನು ಉಳಿದಿಲ್ಲ ಅನ್ನುವ ಮಾತು ಹಬ್ಬಿತು. 1978ರಲ್ಲಿ ಬ್ರಿಟನ್ನಿನಿಂದ ಬಂದ ಗೆಳೆಯರ ತಂಡವೊಂದು ಕಾವೇರಿಯಲ್ಲಿ ದೊಡ್ಡ ಮಹಶೀರ್ ಹಿಡಿದು ತೋರಿಸಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಶಿಬಿರಗಳು ಎದ್ದವು. ರಾಗಿ ಹಿಟ್ಟು ಬೇಯಿಸಿ ಕಟ್ಟಿದ ಉಂಡೆಯೇ ಎರೆ. ತೂಕ ನೋಡಿ ಮೀನನ್ನು ಮತ್ತೆ ನೀರಿಗೆ ಬಿಡಬೇಕು ಅನ್ನುವುದು ನಿಯಮ.

ಇಲ್ಲಿ ದಾರದ ಆಯ್ಕೆ ಮೀನಿನ ಜೀವದ ಪ್ರಶ್ನೆಯಾಯಿತು. ಕಾವೇರಿಯ ತಳ ಬರೀ ಬಂಡೆ. ತೆಳು ದಾರ ಬಂಡೆಗೆ ಉಜ್ಜಿ ತುಂಡಾದರೆ ಮೀನು ಬಾಯಲ್ಲಿ ಗಾಳ, ಬೆನ್ನ ಹಿಂದೆ ಉದ್ದನೆಯ ದಾರ ಎಳೆದುಕೊಂಡು ಹೋಗುತ್ತದೆ. ತುಂಡಾಗದಿದ್ದರೂ ಗಂಟೆಗಟ್ಟಲೆ ಸೆಣಸಿ ಸುಸ್ತಾದ ಮೀನು ಬಿಟ್ಟ ಮೇಲೂ ಬದುಕುವುದು ಕಷ್ಟ. ಅದಕ್ಕೇ ದೊಡ್ಡ ಮೀನಿಗೆ ಹೋಗುವವರು 40, 50 ಪೌಂಡಿನ ದಪ್ಪ ನೈಲಾನ್ ಇಟ್ಟುಕೊಳ್ಳುತ್ತಿದ್ದರು. ಅದಕ್ಕಿಂತ ದೊಡ್ಡ ಆಸರೆ ಊರಿನ ತೆಪ್ಪದವರು. ಮೀನು ಯಾವ ಬಂಡೆಯ ಹಿಂದೆ ನುಗ್ಗುತ್ತದೆ ಅಂತ ಅವರಿಗೆ ಗೊತ್ತಿತ್ತು. ತೆಪ್ಪ ಹಾಕಿ ಮೀನಿನ ಹಿಂದೆಯೇ ಹೋಗಿ ದಾರ ಬಿಡಿಸುತ್ತಿದ್ದರು. ಫೋಟೋದಲ್ಲಿ ಮೀನು ಎತ್ತಿ ನಿಂತವರ ಹೆಸರು ಉಳಿಯಿತು, ತೆಪ್ಪ ನಡೆಸಿದ ಹೆಚ್ಚಿನವರ ಹೆಸರು ಉಳಿಯಲಿಲ್ಲ.

2010ರ ದಶಕದ ಆರಂಭದಲ್ಲಿ ಕಾವೇರಿ ವನ್ಯಧಾಮದೊಳಗೆ ಗಾಳದ ಶಿಬಿರಗಳು ನಿಂತವು. ಆದರೆ ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಮೀನಿನ ಲೆಕ್ಕ ಉಳಿಯಿತು. ವಿಜ್ಞಾನಿಗಳು ಅದನ್ನು ತಿರುವಿ ಹಾಕಿದಾಗ ಗೊತ್ತಾದದ್ದು ಇದು: ಮೊಟ್ಟೆ ಕೇಂದ್ರದಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಹೆಚ್ಚುತ್ತಾ ಹೋಗಿತ್ತು, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕರಗುತ್ತಾ ಬಂದಿತ್ತು. 2018ರಲ್ಲಿ ಆ ಮೀನಿಗೆ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ನದಿಗೆ ಸಿಡಿಮದ್ದು, ವಿಷ ಹಾಕಬಾರದು ಅಂತ ಕಾನೂನು ಬಂದದ್ದು 1897ರಲ್ಲೇ. ಆದರೂ ಸಿಡಿಮದ್ದಿನ ಮೀನುಗಾರಿಕೆ ನಿಂತಿಲ್ಲ. ಸಿಡಿಮದ್ದಿಗೆ ಪೌಂಡಿನ ಲೆಕ್ಕವಿಲ್ಲ, ಮರಿ ದೊಡ್ಡದು ಎಲ್ಲವೂ ಒಟ್ಟಿಗೆ ತೇಲುತ್ತವೆ.

ವನ್ಯಧಾಮದ ಹೊರಗೆ, ನಿಮ್ಮೂರ ಕೆರೆಯಲ್ಲಿ ಅನುಮತಿ ಇದ್ದು ಗಾಳ ಹಾಕುವವರಾದರೆ ಒಂದು ಮಾತು. ಸಿಕ್ಕಾದ ನೈಲಾನ್ ದಾರವನ್ನು ದಡದಲ್ಲಿ ಬಿಡಬೇಡಿ, ಜೇಬಿಗೆ ಹಾಕಿಕೊಂಡು ಬನ್ನಿ. ರೇಷ್ಮೆ ದಾರವಾಗಿದ್ದರೆ ಕೊಳೆತು ಮಣ್ಣಾಗುತ್ತಿತ್ತು. ಇದು ಆಗುವುದಿಲ್ಲ, ನೀರುಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.