ಕೊಲಂಬೊದ ಬಿಲ್ಲು, ಟೆಹರಾನಿನ ಲೆಕ್ಕ

1986ರ ನವೆಂಬರ್ 16 ಮತ್ತು 17ರಂದು ಏಳು ದೇಶಗಳ ನಾಯಕರು ಬೆಂಗಳೂರಿನಲ್ಲಿದ್ದರು. ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಎರಡನೇ ಶೃಂಗಸಭೆ. ಆತಿಥೇಯರು ರಾಜೀವ್ ಗಾಂಧಿ. ಬಾಂಗ್ಲಾದೇಶದ ಎರ್ಶಾದ್, ಪಾಕಿಸ್ತಾನದ ಜುನೆಜೊ, ಶ್ರೀಲಂಕಾದ ಜಯವರ್ಧನೆ, ಮಾಲ್ಡೀವ್ಸ್‌ನ ಗಯೂಮ್ ಬಂದಿದ್ದರು. ನೇಪಾಳ ಮತ್ತು ಭೂತಾನದಿಂದ ಅರಸರೇ ಬಂದಿದ್ದರು. ನಾನಿದ್ದ ಕೋಣನಕುಂಟೆ ಆಗ ನಗರದ ಹೊರಗಿನ ಹಳ್ಳಿ. ಕನಕಪುರ ರಸ್ತೆಯಲ್ಲಿ ಬಸ್ಸು ಹಿಡಿದು ನಾನು ಬ್ಯಾಂಕಿಗೆ ಹೋಗುತ್ತಿದ್ದೆ, ವಿದೇಶಿ ವಿನಿಮಯ ವಿಭಾಗದ ಗುಮಾಸ್ತನಾಗಿ. ಪತ್ರಿಕೆಗಳಲ್ಲಿ ಹೊಸ ಯುಗ, ಏಳು ದೇಶಗಳ ಒಂದೇ ಮನೆ ಎಂಬ ಮಾತು. ಆ ಮನೆಯ ಬಾಡಿಗೆ ಲೆಕ್ಕ ಯಾರು ಬರೆಯುತ್ತಾರೆ ಎಂಬುದೊಂದೇ ನನ್ನ ಕುತೂಹಲ.

ನಮ್ಮ ವಿಭಾಗದಲ್ಲಿ ಸಾಗರದ ಕಡೆಯ ಹಿರಿಯರೊಬ್ಬರಿದ್ದರು. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹಕ್ಕೆ ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ಅವರಿನ್ನೂ ಹುಡುಗ. ‘ಸಾರ್ಕ್ ಏನ್ ಮಹಾ ಕಣಯ್ಯಾ, ಲೋಹಿಯಾ ಭಾರತ-ಪಾಕ್ ಮಹಾಸಂಘವನ್ನೇ ಕೇಳಿದ್ದರು’ ಅನ್ನುತ್ತಿದ್ದರು. ಅದು ನಿಜವೇ. 1964ರ ಏಪ್ರಿಲ್ 12ರಂದು ಲೋಹಿಯಾ ಮತ್ತು ಜನಸಂಘದ ದೀನದಯಾಳ್ ಉಪಾಧ್ಯಾಯ ಸೇರಿ ಮಹಾಸಂಘದ ಪರವಾಗಿ ಜಂಟಿ ಹೇಳಿಕೆ ಕೊಟ್ಟಿದ್ದರು. ಬೇರೆ ಯಾವ ವಿಷಯದಲ್ಲೂ ಸುಲಭಕ್ಕೆ ಒಪ್ಪದ ಇಬ್ಬರು ಒಂದೇ ಕಾಗದಕ್ಕೆ ರುಜು ಹಾಕಿದರು. ಮುಂದಿನ ವರ್ಷವೇ ಯುದ್ಧ.

ಸಾರ್ಕ್‌ನ ಮೂಲ ಸಲಹೆ ಬಾಂಗ್ಲಾದೇಶದ ಜಿಯಾವುರ್ ರೆಹಮಾನ್ ಅವರದು, 1980ರದು. ಅದು ಕೈಗೂಡಿದ 1985ರ ಢಾಕಾ ಸಭೆಯ ಹೊತ್ತಿಗೆ ಅವರು ಕೊಲೆಯಾಗಿ ನಾಲ್ಕು ವರ್ಷ. ಎಲ್ಲ ನಿರ್ಧಾರಕ್ಕೂ ಸರ್ವಾನುಮತ ಬೇಕು, ಎರಡು ದೇಶಗಳ ನಡುವಿನ ವಿವಾದವನ್ನು ಮೇಜಿನ ಮೇಲೆ ತರಬಾರದು ಎಂದು ಅದರ ಸನ್ನದಿನಲ್ಲೇ ಇದೆ. ಹೀಗಾಗಿ ಬೆಂಗಳೂರಿನ ಸಭೆಯಲ್ಲಿ ಕಠ್ಮಂಡುವಿನಲ್ಲಿ ಸಚಿವಾಲಯ ತೆರೆಯುವ ಒಪ್ಪಂದವಾಯಿತು. ಟೀವಿ-ರೇಡಿಯೊ ಕಾರ್ಯಕ್ರಮಗಳ ವಿನಿಮಯ, ಪ್ರವಾಸೋದ್ಯಮ, ವಿದ್ಯಾರ್ಥಿವೇತನ, ಮಾದಕ ವಸ್ತು ತಡೆ ಎಲ್ಲವೂ ಬಂದವು. ವ್ಯಾಪಾರ ಬರಲಿಲ್ಲ. ವಿವಾದವಾದರೋ ಕಾರಿಡಾರಿನಲ್ಲೇ ಕುಳಿತಿತ್ತು: ಜಯವರ್ಧನೆಯವರ ಜೊತೆಗಿನ ಮಾತುಕತೆಗೆಂದು ಮದ್ರಾಸಿನಿಂದ ಎಲ್‌ಟಿಟಿಇಯ ಪ್ರಭಾಕರನ್‌ನನ್ನೇ ಬೆಂಗಳೂರಿಗೆ ಕರೆತಂದಿದ್ದರು, ತಮಿಳುನಾಡಿನ ಮುಖ್ಯಮಂತ್ರಿ ಎಂಜಿಆರ್ ಕೂಡ ಬಂದಿದ್ದರು. ಹೊರಗೆ ಹೇಳಬಾರದ ಮಾತೇ ಒಳಗಿನ ಮುಖ್ಯ ಮಾತಾಗಿತ್ತು.

ನಾಯಕರನ್ನು ವಿಶ್ರಾಂತಿಗೆ ನಂದಿಬೆಟ್ಟಕ್ಕೆ ಕರೆದೊಯ್ದರು. ಆ ಬೆಟ್ಟದ ಕೆಳಗಿನ ಚಿಕ್ಕಬಳ್ಳಾಪುರದ ಸೀಮೆಯ ಗುಲಾಬಿ ಈರುಳ್ಳಿ ಕೊಲಂಬೊಗೆ ಹೋಗುವ ಸರಕು. ಅಂಥ ಸರಕಿನ ಬಿಲ್ಲುಗಳಿಗೆ ಬೇಕಾದ ಏರ್ಪಾಡು ಸಾರ್ಕ್‌ಗಿಂತ ಹತ್ತು ವರ್ಷ ಹಿಂದೆಯೇ ಆಗಿತ್ತು. ಏಷ್ಯನ್ ಕ್ಲಿಯರಿಂಗ್ ಯೂನಿಯನ್, ನಮ್ಮ ಬಾಯಲ್ಲಿ ಎಸಿಯು. 1974ರಲ್ಲಿ ಹುಟ್ಟಿದ್ದು, ಕೇಂದ್ರ ಕಚೇರಿ ಟೆಹರಾನ್. 1986ರ ಹೊತ್ತಿಗೆ ಇರಾನ್, ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ, ಬರ್ಮಾ ಸದಸ್ಯರು. ಕೊಲಂಬೊದ ವ್ಯಾಪಾರಿ ತನ್ನ ಬ್ಯಾಂಕಿಗೆ ತನ್ನ ರೂಪಾಯಿ ಕಟ್ಟುತ್ತಿದ್ದ, ಇಲ್ಲಿಯವನು ಇಲ್ಲಿಯ ರೂಪಾಯಿ ಪಡೆಯುತ್ತಿದ್ದ. ಕೊಟ್ಟಿದ್ದು-ಪಡೆದದ್ದನ್ನು ಕಳೆದು, ಮಿಕ್ಕ ವ್ಯತ್ಯಾಸವನ್ನಷ್ಟೇ ಆಯಾ ದೇಶದ ಕೇಂದ್ರ ಬ್ಯಾಂಕು ಡಾಲರಿನಂಥ ಗಟ್ಟಿ ನಾಣ್ಯದಲ್ಲಿ ಎರಡು ತಿಂಗಳಿಗೊಮ್ಮೆ ತೀರಿಸುತ್ತಿತ್ತು. ಡಾಲರಿಗೆ ಬಾಯಿ ಬಿಡುತ್ತಿದ್ದ ದೇಶಗಳಿಗೆ ಇದು ಸಣ್ಣ ಉಪಕಾರವಲ್ಲ. ಸೈನ್ಯಗಳು ಗಡಿಯಲ್ಲಿ ಮುಖಾಮುಖಿಯಾದಾಗಲೂ ಭಾರತ-ಪಾಕಿಸ್ತಾನಗಳೆರಡೂ ಇದರ ಸದಸ್ಯರಾಗಿಯೇ ಇದ್ದವು. ನಮಗಿದ್ದ ತಲೆನೋವೆಂದರೆ ನೇಪಾಳ. ಭಾರತದ ಜೊತೆಗಿನ ಅದರ ವ್ಯವಹಾರವೆಲ್ಲ ರೂಪಾಯಿಯಲ್ಲಿ, ಎಸಿಯುಗೆ ಹೊರಗೆ. ಹೊಸ ಹುಡುಗರಿಗೆ ಅದನ್ನು ನೆನಪಿಸುತ್ತಲೇ ಇರಬೇಕಿತ್ತು.

ಹೀಗೆ ಲೆಕ್ಕದಿಂದ ಶುರು ಮಾಡುವ ದಾರಿಯನ್ನೇ ಯುರೋಪಿನವರೂ ಹಿಡಿದಿದ್ದರು. 1950ರಲ್ಲಿ ಪಾವತಿ ಒಕ್ಕೂಟ ಮಾಡಿ ಲೆಕ್ಕ ಸರಿಮಾಡಿಕೊಂಡರು, 1951ರಲ್ಲಿ ಕಲ್ಲಿದ್ದಲು-ಉಕ್ಕಿನ ಒಪ್ಪಂದ, 1957ರಲ್ಲಿ ರೋಮ್ ಒಪ್ಪಂದ. ನಾವೂ ಲೆಕ್ಕದಿಂದಲೇ ಶುರು ಮಾಡಿದೆವು, ಆಮೇಲೆ ಕಲ್ಲಿದ್ದಲಿನ ಜಾಗದಲ್ಲಿ ಭಾಷಣ ಇಟ್ಟೆವು. ವ್ಯಾಪಾರದ ಒಪ್ಪಂದ ಬಂದದ್ದು 1993ರಲ್ಲಿ, ಮುಕ್ತ ವ್ಯಾಪಾರದ್ದು ಜಾರಿಯಾದದ್ದು 2006ರಲ್ಲಿ; ಸುಂಕ ಇಳಿಸಲೊಲ್ಲದ ಸಾಮಾನುಗಳ ಪಟ್ಟಿಯನ್ನು ಪ್ರತಿ ದೇಶವೂ ಉದ್ದಕ್ಕೆ ಕಟ್ಟಿಕೊಂಡಿತು. ದಕ್ಷಿಣ ಏಷ್ಯಾದ ಒಟ್ಟು ವ್ಯಾಪಾರದಲ್ಲಿ ಪರಸ್ಪರರ ನಡುವಿನದು ಶೇ 5ರ ಆಸುಪಾಸಿನಲ್ಲೇ ನಿಂತಿದೆ. 2014ರ ಕಠ್ಮಂಡು ಸಭೆಯ ನಂತರ ನಾಯಕರು ಒಟ್ಟಿಗೆ ಕೂತಿಲ್ಲ.

ನನ್ನ ಮಟ್ಟಿಗೆ ನಿಜವಾಗಿ ಒಂದಾದ ದೇಶವೆಂದರೆ ನೇಪಾಳವೇ. 1950ರ ಒಪ್ಪಂದದ ಬಲದಿಂದ ಅಲ್ಲಿಯ ಹುಡುಗರು ವೀಸಾ ಇಲ್ಲದೆ ಬಂದು ಕೋಣನಕುಂಟೆ ಕ್ರಾಸಿನ ಅಪಾರ್ಟ್‌ಮೆಂಟುಗಳ ಗೇಟು ಕಾಯುತ್ತಾರೆ. 2008ರಲ್ಲಿ ರಿಸರ್ವ್ ಬ್ಯಾಂಕು ನೇಪಾಳಕ್ಕೆ ಹಣ ಕಳಿಸುವ ಯೋಜನೆ ತಂದಿತು. ನಿವೃತ್ತನಾದ ಮೇಲೂ ನಮ್ಮ ಬೀದಿಯ ವಾಚ್‌ಮನ್‌ಗಳಿಗೆ ಆ ಫಾರಂ ತುಂಬಿಕೊಡುವವನು ನಾನೇ. ಮನೆಯವಳಿಗೆ ಇದೊಂದು ನಗೆಯ ವಿಷಯ. 

ಎಸಿಯು ರಾಜಕೀಯದಿಂದ ದೂರ ಎಂದು ನಾವು ಆಗ ಜಂಬದಿಂದ ಹೇಳುತ್ತಿದ್ದೆವು. 2010ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇರಾನ್ ಜೊತೆಗಿನ ಪಾವತಿಯನ್ನು ಅದರಿಂದ ತೆಗೆದುಹಾಕಿತು. ಕಾರಣ ಅಮೆರಿಕದ ನಿರ್ಬಂಧ, ಪೆಟ್ಟು ಬಿದ್ದದ್ದು ಇರಾನಿನ ಕಚ್ಚಾತೈಲವನ್ನು ನೆಚ್ಚಿದ್ದ ಮಂಗಳೂರಿನ ಎಂಆರ್‌ಪಿಎಲ್‌ನಂಥವರಿಗೆ. ಒಕ್ಕೂಟದ ಕಚೇರಿ ಇರುವ ದೇಶಕ್ಕೇ ಒಕ್ಕೂಟದ ಮೂಲಕ ದುಡ್ಡು ಹೋಗದ ಸ್ಥಿತಿ. ಆದರೆ 2022ರ ಜನವರಿಯಲ್ಲಿ ಶ್ರೀಲಂಕಾ ಡಾಲರಿಲ್ಲದೆ ಕೈಚೆಲ್ಲಿದಾಗ ಭಾರತ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಅವರ ಎಸಿಯು ಬಾಕಿಯನ್ನು ಮುಂದೂಡಿದ್ದು. 50 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತ. ಸಾರ್ಕ್ ಸಚಿವಾಲಯದಿಂದ ಅಂಥದ್ದೇನೂ ಹೊರಡಲಿಲ್ಲ. ಹೊರಡಲು ಅದರ ಸನ್ನದಿನಲ್ಲಿ ಜಾಗವೂ ಇರಲಿಲ್ಲ.