ಚೆಲ್ಲೊ: ಬಾಲವೇ ಹೆಸರಾದ ವಾದ್ಯ

ಚೆಲ್ಲೊ ವಾದ್ಯದ ಪೂರ್ತಿ ಹೆಸರು ವಿಯೊಲೊಂಚೆಲ್ಲೊ. ಈ ಇಟಾಲಿಯನ್ ಪದವನ್ನು ಬಿಡಿಸಿದರೆ ‘ಚಿಕ್ಕ ದೊಡ್ಡ ವಿಯೊಲ’ ಎಂಬ ವಿಚಿತ್ರ ಅರ್ಥ ಹೊರಡುತ್ತದೆ. ಹೆಬ್ಬಾಗಿಲು, ಕಿರುಬೆರಳು ಎನ್ನುವಾಗ ಕನ್ನಡದಲ್ಲಿ ಹಿರಿದು, ಕಿರಿದು ಎಂಬುದು ಪದದ ಆರಂಭದಲ್ಲೇ ಗೊತ್ತಾಗುತ್ತದೆ. ಇಟಾಲಿಯನ್ನಿನಲ್ಲಿ ಅದು ಪ್ರತ್ಯಯವಾಗಿ ಕೊನೆಗೆ ಅಂಟಿಕೊಳ್ಳುತ್ತದೆ. ವಿಯೊಲಕ್ಕೆ ‘ಇನೊ’ ಸೇರಿದರೆ ವಿಯೊಲಿನೊ, ಅಂದರೆ ನಮ್ಮ ಪಿಟೀಲು. ‘ಒನೆ’ ಸೇರಿದರೆ ವಿಯೊಲೊನೆ, ಮಂದ್ರ ಸ್ವರದ ದೊಡ್ಡ ವಾದ್ಯ. ಆ ದೊಡ್ಡದರ ಬಾಲಕ್ಕೆ ಮತ್ತೆ ಕಿರಿದರ್ಥದ ‘ಚೆಲ್ಲೊ’ ಕಟ್ಟಿದರೆ ವಿಯೊಲೊಂಚೆಲ್ಲೊ. ‘ಪುಟ್ಟ ಹೆಬ್ಬಾಗಿಲು’ ಎಂದ ಹಾಗೆ. ವಾದ್ಯದ ಮೈಮೇಲೂ ಇದೇ ಪ್ರತ್ಯಯವಿದೆ. ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು ಇಟಲಿಯಲ್ಲಿ ಪೊಂತಿಚೆಲ್ಲೊ, ಕಿರುಸೇತುವೆ. ನಮ್ಮ ವೀಣೆಯವರ ಮಾತಿನಲ್ಲಿ ಅದು ಕುದುರೆ.

ಎದುರುಬದುರಾದ ಎರಡು ಪ್ರತ್ಯಯಗಳು ಒಂದೇ ಹೆಸರಿನಲ್ಲಿ ಕೂಡಿದ್ದಕ್ಕೆ ಕಾರಣ ತಂತಿ. ಆಗ ತಂತಿ ಎಂದರೆ ಕುರಿಯ ಕರುಳನ್ನು ಹೊಸೆದದ್ದು. ಅದರಲ್ಲಿ ತಗ್ಗಿನ ಸ್ವರ ಬೇಕೆಂದರೆ ತಂತಿ ಉದ್ದವಾಗಬೇಕು, ಇಲ್ಲವೇ ದಪ್ಪವಾಗಬೇಕು. ದಪ್ಪವಾದರೆ ನಾದ ಮಂಕು. ಉದ್ದ ಮಾಡಿದರೆ ವಾದ್ಯವೇ ಹಿಗ್ಗಿ ಎಡಗೈ ಬೆರಳುಗಳಿಗೆ ಸ್ವರಸ್ಥಾನ ಎಟಕುವುದಿಲ್ಲ. 17ನೇ ಶತಮಾನದ ಉತ್ತರಾರ್ಧದಲ್ಲಿ ಕರುಳಿನ ಮೇಲೆ ತೆಳುವಾದ ಲೋಹದ ಎಳೆ ಸುತ್ತುವ ಉಪಾಯ ಬಳಕೆಗೆ ಬಂತು. ತಂತಿ ದಪ್ಪವಾಗದೆಯೇ ತೂಕ ಪಡೆಯಿತು, ವಾದ್ಯ ಕುಗ್ಗಲು ದಾರಿಯಾಯಿತು.

ಹೊಸ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದೂ ಅದೇ ಕಾಲದಲ್ಲಿ. ಬೊಲೊನ್ಯಾದ ಸಂಗೀತಗಾರ ಜೂಲಿಯೊ ಚೆಸಾರೆ ಅರೆಸ್ತಿಯ 1665ರ ಸೊನಾಟಾ ಸಂಪುಟದಲ್ಲಿ ವಿಯೊಲೊಂಚೆಲ್ಲೊ ಎಂಬ ಮಾತಿದೆ. ಆ ಊರಿನ ಸಾನ್ ಪೆತ್ರೊನಿಯೊ ಚರ್ಚಿನಲ್ಲಿ ನುಡಿಸುತ್ತಿದ್ದ ದೊಮೆನಿಕೊ ಗಬ್ರಿಯೆಲ್ಲಿ 1689ರಲ್ಲಿ ಚೆಲ್ಲೊ ಒಂದಕ್ಕೇ ಕೃತಿಗಳನ್ನು ರಚಿಸಿದ. ಪಕ್ಕವಾದ್ಯ ಮುಂದಿನ ಸಾಲಿಗೆ ಬಂತು. ಅವನನ್ನು ಜನ ಕರೆಯುತ್ತಿದ್ದದ್ದು ‘ವಿಯೊಲೊಂಚೆಲ್ಲೊದ ಮಿಂಗೀನೊ’ ಎಂದು. ಮಿಂಗೀನೊ ಅಂದರೆ ಪುಟ್ಟ ದೊಮೆನಿಕೊ. ವಾದ್ಯಕ್ಕೂ ವಾದಕನಿಗೂ ಕಿರುಹೆಸರೇ!

ಕ್ರೆಮೋನಾದ ಸ್ಟ್ರಾಡಿವಾರಿ ಮೊದಲು ದೊಡ್ಡ ಚೆಲ್ಲೊಗಳನ್ನೇ ಕಟ್ಟುತ್ತಿದ್ದ. ಸುಮಾರು 1707ರ ಹೊತ್ತಿಗೆ ಒಡಲಿನ ಉದ್ದವನ್ನು ಹೆಚ್ಚುಕಡಿಮೆ 76 ಸೆಂಟಿಮೀಟರಿಗೆ ಇಳಿಸಿದ. ಇಂದಿನ ಅಳತೆಯೂ ಬಹುಪಾಲು ಅದೇ. ಹಳೆಯ ದೊಡ್ಡ ವಾದ್ಯಗಳ ಪಾಡು ಬೇರೆ. ಅನೇಕವನ್ನು ಬಿಚ್ಚಿ, ಕೊಯ್ದು, ಮತ್ತೆ ಅಂಟಿಸಿದರು. 16ನೇ ಶತಮಾನದಲ್ಲಿ ಆಂದ್ರೆಯಾ ಅಮಾತಿ ಮಾಡಿದ ‘ಕಿಂಗ್’ ಚೆಲ್ಲೊ ಫ್ರಾನ್ಸಿನ ರಾಜ ಒಂಬತ್ತನೆಯ ಚಾರ್ಲ್ಸ್‌ನ ಲಾಂಛನ ಹೊತ್ತದ್ದು. ಅದಕ್ಕೂ ಗರಗಸದಿಂದ ವಿನಾಯಿತಿ ಸಿಗಲಿಲ್ಲ. ಬೆನ್ನಿನ ಮೇಲಿನ ಬಣ್ಣದ ಚಿತ್ರದ ನಡುಭಾಗ ಕೊಯ್ದ ಮರದೊಂದಿಗೇ ಹೋಯಿತು.

ಪದಕ್ಕೆ ಕತ್ತರಿ ಹಾಕಿದವರು ಇಂಗ್ಲಿಷರು. ಉದ್ದದ ಹೆಸರು ಬಾಯಿಗೆ ಒಗ್ಗದೆ ಬಾಲವನ್ನಷ್ಟೇ ಉಳಿಸಿಕೊಂಡರು. ಬಿಟ್ಟ ಅಕ್ಷರಗಳ ಗುರುತಿಗೆ ಮೊದಮೊದಲು ಹಿಂದೊಂದು ಲೋಪಚಿಹ್ನೆ ಬರೆಯುತ್ತಿದ್ದರು, ಆಮೇಲೆ ಅದನ್ನೂ ಕೈಬಿಟ್ಟರು. ಹೀಗೆ ಉಳಿದ ‘ಚೆಲ್ಲೊ’ದಲ್ಲಿ ವಿಯೊಲವೂ ಇಲ್ಲ, ದೊಡ್ಡದೂ ಇಲ್ಲ, ಚಿಕ್ಕದೆನ್ನುವ ಪ್ರತ್ಯಯ ಮಾತ್ರ ಇದೆ. ಇಟಲಿಯವರು ಇಂದಿಗೂ ಪೂರ್ತಿ ಹೆಸರನ್ನೇ ಹೇಳುತ್ತಾರೆ.