ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ ವೇತನ ಮಿತಿ ಮತ್ತು ಡ್ರಾಫ್ಟ್
ವೇತನ ಮಿತಿ ಮತ್ತು ಡ್ರಾಫ್ಟ್ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ ಕ್ಲಬ್‌ಗಳ ನಡುವೆ ಬಲದ ಸಮತೋಲನ ಕಾಯುವ ನಿಯಮಗಳಾಗಿವೆ. ಲೀಗ್‌ನ ಹಿಂದಿನ ರೂಪವಾದ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್‌ನಲ್ಲಿ ಆಟಗಾರರನ್ನು ವಾಸದ ವಲಯಕ್ಕನುಗುಣವಾಗಿ ಕ್ಲಬ್‌ಗಳಿಗೆ ಹಂಚಲಾಗುತ್ತಿತ್ತು. ಬೇರೆ ಕ್ಲಬ್ ಸೇರಲು ಅನುಮತಿ ಅಗತ್ಯವಾಗಿತ್ತು. ತನ್ನ ಕ್ಲಬ್ ಸಿಡ್ನಿಗೆ ಸ್ಥಳಾಂತರಗೊಂಡಾಗ ಜೊತೆಗೆ ಹೋಗಲೊಪ್ಪದ ಸಿಲ್ವಿಯೊ ಫೋಸ್ಕಿನಿಯ ಮೊಕದ್ದಮೆಯಲ್ಲಿ, ಈ ನಿರ್ಬಂಧಗಳು ವೃತ್ತಿಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ವಿಕ್ಟೋರಿಯಾದ ಸುಪ್ರೀಂ ಕೋರ್ಟ್ 1983ರಲ್ಲಿ ತೀರ್ಪಿತ್ತಿತು. ಬಳಿಕ ವೇತನ ಮಿತಿ ಹಾಗೂ 1986ರಲ್ಲಿ ಡ್ರಾಫ್ಟ್ ಜಾರಿಗೆ ಬಂದವು.

ಡ್ರಾಫ್ಟ್ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ. ಕೊನೆಯ ಸ್ಥಾನದ ಕ್ಲಬ್‌ಗೆ ಸಾಮಾನ್ಯವಾಗಿ ಮೊದಲ ಸರದಿ. ಸದಸ್ಯತ್ವದಿಂದ ಎಷ್ಟೇ ವರಮಾನವಿದ್ದರೂ ಆಟಗಾರರ ವೇತನ ಮಿತಿಯನ್ನು ಮೀರುವಂತಿಲ್ಲ. ಮಿತಿ ಉಲ್ಲಂಘಿಸಿದ್ದಕ್ಕಾಗಿ ಕಾರ್ಲ್ಟನ್ ಕ್ಲಬ್‌ಗೆ 2002ರಲ್ಲಿ 9,30,000 ಡಾಲರ್ ದಂಡ ವಿಧಿಸಿ, ಡ್ರಾಫ್ಟ್‌ನ ಆರಂಭಿಕ ಆಯ್ಕೆಗಳನ್ನೂ ಹಿಂಪಡೆಯಲಾಯಿತು. ಆ ವರ್ಷ ಕೊನೆಯ ಸ್ಥಾನದಲ್ಲಿದ್ದ ಕ್ಲಬ್‌ಗೆ ದಂಡಕ್ಕಿಂತ ಆಯ್ಕೆಗಳ ನಷ್ಟವೇ ಭಾರವಾಯಿತೆನ್ನಬಹುದು. ದೀರ್ಘಕಾಲ ಒಂದೇ ಕ್ಲಬ್‌ಗೆ ಆಡಿದವರು ಒಪ್ಪಂದ ಮುಗಿದ ಮೇಲೆ ಬೇರೆಡೆ ಸೇರುವ ಅವಕಾಶ 2012ರಲ್ಲಿ ದೊರೆಯಿತು.